ಅರವತ್ತಮೂರು ಕಾರುಗಳ ಯಜಮಾನ

ನಮ್ಮ ಸೀಮೆಯ ದೊಡ್ಡ ದೊಡ್ಡ ಪ್ಲಾಂಟರುಗಳ ಮನೆಯಲ್ಲಿ ಎಷ್ಟು ಕಾರು ಇದ್ದೀತು? ಎರಡು, ಹೆಚ್ಚೆಂದರೆ ಮೂರು, ಜೊತೆಗೊಂದು ಜೀಪು. ನಮ್ಮ ಮೈದುನನ ಹತ್ತಿರ ಅರವತ್ತಮೂರು ಕಾರುಗಳಿದ್ದವು! ಸುಳ್ಳಲ್ಲ. ನನ್ನ ತವರಿನ ಹಿತ್ತಾಳೆ ಚೆಂಬುಗಳನ್ನು ಇಡಲಿಕ್ಕೆ ಅಂತ ನಾನು ಗಾಜಿನ ಬಾಗಿಲ ಷೋಕೇಸು ಮಾಡಿಸಿದ್ದೆ. ಚೆಂಬುಗಳು ಮಂಚದ ಕೆಳಗೆ ಹೋದವು, ಕಾರುಗಳು ಗಾಜಿನ ಒಳಗೆ ಬಂದವು. ಅರವತ್ತಮೂರಕ್ಕೂ ಸೇರಿ ಒಂದು ತೊಟ್ಟು ಪೆಟ್ರೋಲು ಬೇಡ. ಎಲ್ಲಕ್ಕಿಂತ ದೊಡ್ಡದು ನನ್ನ ಅಂಗೈಯಷ್ಟು. ಎಲ್ಲಕ್ಕಿಂತ ಚಿಕ್ಕದನ್ನು ಒಂದು ದಿನ ಹಲಸಿನ ಬೀಜ ಅಂದುಕೊಂಡು ಗುಡಿಸಿ ಎಸೆದುಬಿಟ್ಟೆ. ಅವತ್ತು ಬೆಳಗಿಂದ ಸಂಜೆವರೆಗೆ ಅವನು ತಿಪ್ಪೆ ಕೆದಕಿದ್ದನ್ನು ನೋಡಿ ನಮ್ಮ ಕೋಳಿಗಳೇ ದಾರಿ ಬಿಟ್ಟು ನಿಂತಿದ್ದವು.

ಆಟಿಕೆ ಕಾರು ಅಂತ ನಾವು ಅನ್ನುವ ಹಾಗಿರಲಿಲ್ಲ. "ಮಾಡೆಲ್ ಅನ್ನಿ ಅತ್ತಿಗೆ" ಅನ್ನುತ್ತಿದ್ದ. ನನ್ನ ಮೊಮ್ಮಗಳು ಒಂದನ್ನು ಮುಟ್ಟಲು ಹೋದರೆ "ಲೈಸೆನ್ಸ್ ಎಲ್ಲಿ?" ಅಂತ ಕೇಳಿದ. ನಾಲ್ಕು ವರ್ಷದ ಮಗುವಿಗೆ! ಅದು ಓಡಿ ಬಂದು, "ಅಜ್ಜಿ, ಲೈಸೆನ್ಸ್ ಕೊಡು" ಅಂತ ನನ್ನ ಸೆರಗು ಜಗ್ಗಿತು. ಇಂಥವರ ಮನೆಯಲ್ಲಿ ಬಾಳುವೆ ಮಾಡಿದವಳು ನಾನು.

ಹಾಗಂತ ಕಾರಿನ ಗಂಧ ಗಾಳಿ ಇಲ್ಲದವನಲ್ಲ. ಹರೆಯದಿಂದಲೂ ಅವನದು ಟ್ಯಾಕ್ಸಿ. ಕಪ್ಪು ಬಣ್ಣದ ಲ್ಯಾಂಡ್‌ಮಾಸ್ಟರ್, ಅಂಬಾಸಿಡರಿಗಿಂತ ಮುಂಚೆ ಬಂದ ಕಾರು. ಆಮೆಗೂ ಎಮ್ಮೆಗೂ ಹುಟ್ಟಿದ ಹಾಗೆ ಇತ್ತು ಅದರ ರೂಪ. ಕಳಸದಿಂದ ಮೂಡಿಗೆರೆ, ಮೂಡಿಗೆರೆಯಿಂದ ಕಳಸ. ಮದುಮಕ್ಕಳು, ಬಸುರಿಯರು, ಕಾಫಿ ಸ್ಯಾಂಪಲ್ಲು, ಒಮ್ಮೆ ಒಂದು ಹಂದಿಮರಿ, ಎಲ್ಲರೂ ಅದರಲ್ಲೇ. ದಿನಕ್ಕೆ ಮೂರು ಸಲ ಅದಕ್ಕೆ ಸ್ನಾನ. ಇವನಿಗೆ ಎರಡು ದಿನಕ್ಕೊಂದು.

ಮದುವೆ ಆಗಲಿಲ್ಲ. ಆಲ್ದೂರಿನಲ್ಲಿ ಹೆಣ್ಣು ನೋಡಲು ಕರೆದುಕೊಂಡು ಹೋಗಿದ್ದೆವು. ಉಪ್ಪಿಟ್ಟು ಬಂತು, ಕಾಫಿ ಬಂತು, ಹುಡುಗಿ ಬಂದು ಕೂತಳು, ಇವನೇ ಇಲ್ಲ! ಹುಡುಕಿದರೆ ಅಂಗಳದಲ್ಲಿ ಅವರ ಮನೆ ಜೀಪಿನ ಬಾನೆಟ್ಟಿನೊಳಗೆ ಅರ್ಧ ಮೈ ಇಟ್ಟುಕೊಂಡು ನಿಂತಿದ್ದ. ವಾಪಸ್ಸು ಬರುವಾಗ ಕೇಳಿದೆ, "ಹೇಗಿತ್ತು ಮಾರಾಯ?"

"ಕಾರ್ಬುರೇಟರ್ ಪೂರ್ತಿ ಹೊಲಸು ಅತ್ತಿಗೆ. ಇಟ್ಟುಕೊಳ್ಳೋಕೆ ಬಾರದ ಜನ."

ಅಲ್ಲಿಗೆ ಆ ಸಂಬಂಧ ಮುಗಿಯಿತು.

ಆ ಟ್ಯಾಕ್ಸಿಯ ಎಡಗಡೆ ಹಿಂದಿನ ಬಾಗಿಲಲ್ಲಿ ಒಂದು ತಗ್ಗು ಇತ್ತು. ರೊಟ್ಟಿ ತಟ್ಟುವಾಗ ಅಂಗೈ ಒತ್ತಿದ ಹಾಗೆ. ಇಷ್ಟು ಒರೆಸುವವನು, ಇಷ್ಟು ಉಜ್ಜುವವನು, ಅದೊಂದನ್ನು ಮಾತ್ರ ಸರಿಮಾಡಿಸಲಿಲ್ಲ. ಮೂಡಿಗೆರೆಯ ಗ್ಯಾರೇಜಿನವನು, "ಕಾಸು ಬೇಡ, ನೋಡೋಕಾಗಲ್ಲ, ಎಳೆದು ಕೊಡ್ತೀನಿ" ಅಂದರೂ ಒಪ್ಪಲಿಲ್ಲ. ಕೂತ ಪ್ಯಾಸೆಂಜರು ಕೇಳಿದರೆ, "ಕಾಟಿ ಗುದ್ದಿದ್ದು" ಅನ್ನುತ್ತಿದ್ದ. ಕಾಟಿ ಅಂದರೆ ಗೊತ್ತಲ್ಲ, ಕಾಡುಕೋಣ. ಆ ಕಾಟಿ ವರ್ಷ ವರ್ಷ ಬೆಳೆಯಿತು. ಮೊದಲು ಕರುವಿನಷ್ಟಿತ್ತು, ಆಮೇಲೆ ಕೋಣವಾಯಿತು, ಕೊನೆಗೆ ಲಾರಿಯಷ್ಟಾಗಿತ್ತು. ಹಿಂದಿನ ಸೀಟಿನಲ್ಲಿ ನಾನಿದ್ದರೂ ಹೇಳುತ್ತಿದ್ದ, ಕನ್ನಡಿಯಲ್ಲಿ ನನ್ನ ಮುಖ ಮಾತ್ರ ನೋಡುತ್ತಿರಲಿಲ್ಲ. ಆ ಕಾಟಿಯ ವಿಷಯ ನನಗೆ ಗೊತ್ತು. ಆಮೇಲೆ ಹೇಳುತ್ತೇನೆ.

ತೊಂಬತ್ತರ ಆಚೀಚೆ ಊರಿಗೆಲ್ಲ ಜೀಪು ಬಂದವು, ಬಸ್ಸು ಹೆಚ್ಚಾದವು. ಲ್ಯಾಂಡ್‌ಮಾಸ್ಟರಿನ ಪಾರ್ಟು ಎಲ್ಲೂ ಸಿಗುವುದಿಲ್ಲ ಅಂತಾಯಿತು. ಗಾಡಿ ಅಂಗಳದಲ್ಲಿ ನಿಂತಿತು. ಒಂದು ಮಳೆಗಾಲ ಕಳೆಯುವುದರೊಳಗೆ ಹಿಂದಿನ ಸೀಟಿನಲ್ಲಿ ನಮ್ಮ ಕೆಂಪು ಕೋಳಿ ಮೊಟ್ಟೆ ಇಟ್ಟಿತು. ಇವನು ಕೋಳಿಯನ್ನು ಓಡಿಸಲಿಲ್ಲ. ಕಾವಿಗೆ ತೊಂದರೆ ಅಂತ ಹಾರನ್ ಬಾರಿಸುವುದನ್ನು ನಿಲ್ಲಿಸಿದ! ನನಗೆ ತಲೆ ಕೆಟ್ಟಿತು. "ಮಾರು ಮಾರಾಯ. ಕಾಫಿ ಒಣಗಿಸುವ ಜಾಗ ಇದು, ಕೋಳಿಗೂಡಲ್ಲ" ಅಂದೆ. ಒಂದು ದಿನವಲ್ಲ, ದಿನಾ ಅಂದೆ. ಮಾರಿದ. ಚಿಕ್ಕಮಗಳೂರಿನ ಗುಜರಿಯವನು ಲಾರಿ ತಂದು ಎಳೆದುಕೊಂಡು ಹೋದ. ಹೋಗುವಾಗ ಸೀಟಿನೊಳಗೆ ಒಂದು ಮೊಟ್ಟೆ ಉಳಿದಿತ್ತು, ಅದಕ್ಕೂ ಗುಜರಿಯವನು ದುಡ್ಡು ಕೊಡಲಿಲ್ಲ.

ಅಲ್ಲಿಂದ ಆ ಮನುಷ್ಯ ಕೂರಲಿಲ್ಲ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿ ಕೂರಲಿಲ್ಲ. ಜಗಲಿಯಿಂದ ಗೇಟಿಗೆ, ಗೇಟಿನಿಂದ ಕೊಟ್ಟಿಗೆಗೆ. ಕೊಟ್ಟಿಗೆ ಬಾಗಿಲು ತೆಗೆಯುವುದು, ಹಾಕುವುದು. ಕಾಫಿಯನ್ನು ನಿಂತೇ ಕುಡಿಯುವುದು. ಊಟಕ್ಕೆ ಕೂತರೂ ಬಲಗಾಲು ಆಕ್ಸಿಲೇಟರ್ ತುಳಿಯುತ್ತಲೇ ಇತ್ತು. ಸಾರು ಬಡಿಸುವಾಗ ನಾನು ಬ್ರೇಕಿಗೆ ಕಾಯಬೇಕಿತ್ತು. ಒಂದು ಚಕ್ರ ಇಲ್ಲ, ಅವನನ್ನು ನಿಲ್ಲಿಸುವವರೂ ಇಲ್ಲ.

ಒಂದು ದಿನ ಚಿಕ್ಕಮಗಳೂರಿನಿಂದ ಬರುವಾಗ ಅಂಗಿ ಜೇಬಿನಲ್ಲಿ ಒಂದು ಪುಟಾಣಿ ಅಂಬಾಸಿಡರ್ ತಂದ. ಜಗಲಿ ಕಟ್ಟೆ ಮೇಲೆ ಇಟ್ಟು ಸುತ್ತ ತಿರುಗಿ ನೋಡಿದ.

"ಇದೆಂತ ಮಾರಾಯ?"

"ಇದರ ಅಣ್ಣ ಸಿಗ್ತಾನೇನೋ ಅಂತ ಹುಡುಕ್ತಿದ್ದೀನಿ. ಲ್ಯಾಂಡ್‌ಮಾಸ್ಟರ್ರು. ಅದೊಂದು ಸಿಕ್ಕಿಬಿಡಲಿ ಅತ್ತಿಗೆ, ಕೂತುಬಿಡ್ತೀನಿ."

ಈ ಮಾತನ್ನು ಹತ್ತು ಹನ್ನೆರಡು ವರ್ಷ ಕೇಳಿದ್ದೇನೆ. ಅದು ಸಿಗಲಿಲ್ಲ, ಉಳಿದದ್ದೆಲ್ಲ ಸಿಕ್ಕಿತು! ವಾರಕ್ಕೊಮ್ಮೆ ಬಸ್ಸು ಹತ್ತುವುದು, ಅಂಗಡಿ ಅಂಗಡಿ ಇಳಿಯುವುದು. ಒಮ್ಮೆ ಚಪ್ಪಲಿ ತರಲು ನಾನೂ ಜೊತೆಗೆ ಹೋಗಿದ್ದೆ. ಅಂಗಡಿಯವನು ಮರ್ಯಾದೆಯಿಂದಲೇ ಕೇಳಿದ, "ಮೊಮ್ಮಗನಿಗಾ ಯಜಮಾನ್ರೇ?"

"ನಂಗೇ. ಲ್ಯಾಂಡ್‌ಮಾಸ್ಟರ್ ಇದೆಯಾ?"

"ಅದಿಲ್ಲ. ಇದು ನೋಡಿ, ಕೀ ಕೊಟ್ರೆ ಓಡುತ್ತೆ, ಲೈಟೂ ಹತ್ತುತ್ತೆ."

"ನಿಂತ ಕಾರು ಬೇಕಪ್ಪ. ಓಡೋದನ್ನ ನಾನು ನೋಡ್ಕೋತೀನಿ."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಚಪ್ಪಲಿ ನೋಡಿದೆ.

ಮಳೆಗಾಲ ಬಂತೆಂದರೆ ನಮ್ಮಲ್ಲಿ ಚಪ್ಪಲಿಗೂ ಬಿಳಿ ಬೂಷ್ಟು, ದೇವರ ಪಟಕ್ಕೂ ಬೂಷ್ಟು. ಕಾರುಗಳಿಗೂ ಹಿಡಿಯಿತು. ಇವನು ಎಂತ ಮಾಡಿದ ಗೊತ್ತೇ? ನಾನು ಮೆಣಸು, ಹಲಸಿನ ಬೀಜ ಬೆಚ್ಚಗಿಡುವ ಒಲೆ ಮೇಲಿನ ಅಟ್ಟಕ್ಕೆ ಇಪ್ಪತ್ತು ಕಾರು ಏರಿಸಿದ. ಹೇಳಲಿಲ್ಲ, ಕೇಳಲಿಲ್ಲ. ನಾನು ಕೆಳಗೆ ಕಡುಬು ಬೇಯಿಸಲು ದೊಡ್ಡ ಉರಿ ಹಾಕಿದೆ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಕಪ್ಪಗೆ ಏನೋ ತೊಟ್ಟಿಕ್ಕಿತು. ಇಪ್ಪತ್ತು ಕಾರಿನ ಎಂಬತ್ತು ಟಯರು! ಕಡುಬಿಗೆ ಸುಟ್ಟ ರಬ್ಬರಿನ ವಾಸನೆ. ನಮ್ಮ ಮನೆಯವರು ಒಂದು ತುತ್ತು ತಿಂದು, "ಇವತ್ತು ಚಟ್ನಿಗೆ ಎಂತ ಹಾಕಿದ್ದು?" ಅಂದರು. ಆಮೇಲೆ ಇವನು ನನ್ನ ಹೊಸ ಹವಾಯಿ ಚಪ್ಪಲಿ ಕೊಯ್ದು ಎಂಬತ್ತು ಟಯರು ಮಾಡಿಕೊಂಡ. ಹಾಗಾಗಿ ಆ ವರ್ಷ ನಾನು ಬರಿಗಾಲಲ್ಲಿ ನಡೆದೆ, ಕಾರುಗಳು ನನ್ನ ಚಪ್ಪಲಿಯಲ್ಲಿ ನಡೆದವು.

ಇನ್ನು ಆಯುಧಪೂಜೆ! ಗಾಡಿ ಇದ್ದವರು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುತ್ತಾರೆ. ಇವನ ಕಾರುಗಳ ಚಕ್ರಗಳಿಗೆ ಇನ್ನೂರು ಮುನ್ನೂರು ನಿಂಬೆಹಣ್ಣು ಯಾರು ತರುತ್ತಾರೆ? ತಂದರೂ ಹಣ್ಣೇ ಕಾರಿಗಿಂತ ದೊಡ್ಡದು. ಹಾಗಾಗಿ ತೋಟಕ್ಕೆ ಹೋಗಿ ಹಸಿರು ಕಾಫಿ ಕಾಯಿ ಕೊಯ್ದು ತಂದ. ಪ್ರತಿ ಚಕ್ರಕ್ಕೂ ಒಂದೊಂದು. ಕುಂಕುಮ, ಸೇವಂತಿಗೆ ಎಸಳು, ಮಂಗಳಾರತಿ, ಎಲ್ಲಾ ಕ್ರಮಪ್ರಕಾರ. ಆದರೆ ಹಸಿ ಕಾಯಿ ಈ ಕಾರಿಗೆ ಅಪ್ಪಚ್ಚಿಯಾಗುತ್ತದೆಯೇ? ಕಾರೇ ಹಾರಿ ಮಗುಚಿಕೊಳ್ಳುತ್ತಿತ್ತು. ಪೂಜೆ ಮುಗಿಯುವಷ್ಟರಲ್ಲಿ ಜಗಲಿ ತುಂಬ ಆಕ್ಸಿಡೆಂಟು. ಅಷ್ಟರಲ್ಲಿ ಮನೆಯವರು ತೋಟದಿಂದ ಓಡಿ ಬಂದರು. ಮನೆ ಹತ್ತಿರದ ಸಾಲಿನ ಗಿಡಗಳು ಬೋಳಾಗಿದ್ದವಂತೆ. ಕಾಯಿಕೊರಕದ ಹುಳ ನಮ್ಮ ಸೀಮೆಗೂ ಬಂತು ಅಂತ ಎಲ್ಲರೂ ಹೆದರಿದ್ದ ಕಾಲ ಅದು.

"ಹುಳ ಬಿತ್ತು ಅಂದುಕೊಂಡೆ ಕಣೇ. ನೋಡಿದರೆ ನನ್ನ ತಮ್ಮ!" ಅಂದರು. "ಹುಳಕ್ಕಾದರೂ ಔಷಧಿ ಉಂಟು."

ನಗಬೇಡಿ. ಆ ಕಾರುಗಳಿಗೆ ಏನೋ ಇತ್ತು ಮಾತ್ರ. ಪಕ್ಕದ ತೋಟದ ಯಜಮಾನರು ಬೇಲಿ ಒತ್ತಿದ್ದೀರಿ ಅಂತ ಕೂಗಾಡಲು ಬಂದವರು, ಷೋಕೇಸಿನಲ್ಲಿ ಹಳೇ ಹೆರಾಲ್ಡ್ ಕಾರಿನ ಮಾಡೆಲ್ ನೋಡಿ ಅರ್ಧ ಬೈಗುಳದಲ್ಲೇ ನಿಂತರು. "ನಮ್ಮ ಅಪ್ಪಯ್ಯನದು ಇದೇ ಬಣ್ಣ" ಅಂದರು. ಅರವತ್ತು ವರ್ಷದ ಗಂಡಸು ಬಿಳಿ ಪಂಚೆಯಲ್ಲಿ ನೆಲಕ್ಕೆ ಕೂತು, ಕಾರನ್ನು ಹಿಂದೆ ಮುಂದೆ ಉರುಳಿಸಿ, ಅಪ್ಪಯ್ಯ ಗೇರು ಹಾಕುವಾಗ ಹೇಗೆ ಕೆಮ್ಮುತ್ತಿದ್ದರು ಅಂತ ಕೆಮ್ಮಿ ತೋರಿಸಿದರು. ಜಗಳ ಮುಗಿಯಿತು ಅಂದುಕೊಂಡಿರಾ? ಜಗಳ ಈಗಲೂ ಇದೆ. ಆದರೆ ಜಗಳಕ್ಕೆ ಬರುವಾಗ ಅವರೂ ಒಂದು ಕಾರು ತರತೊಡಗಿದರು. ನಮ್ಮ ಅರವತ್ತಮೂರರಲ್ಲಿ ಏಳು ಬೇಲಿಯ ಕಡೆಯಿಂದ ಬಂದದ್ದು.

ಇಷ್ಟೆಲ್ಲ ಆದರೂ ಲ್ಯಾಂಡ್‌ಮಾಸ್ಟರ್ ಇಲ್ಲ, ಇವನು ಕೂರುವುದೂ ಇಲ್ಲ. ಷೋಕೇಸಿನ ನಡುವೆ ಒಂದು ಕಾರಿನಷ್ಟು ಜಾಗ ಖಾಲಿ ಬಿಟ್ಟಿದ್ದ. ನಾನು ಅಲ್ಲಿ ಕುಂಕುಮದ ಭರಣಿ ಇಟ್ಟರೆ ಬೆಳಿಗ್ಗೆಗೆ ಅದು ಮಂಚದ ಕೆಳಗೆ. ಈಚೀಚೆಗೆ ಬಸ್ಸಿನಿಂದ ಇಳಿಯುವಾಗ ಅವನ ಮಂಡಿ ನಡುಗುತ್ತಿತ್ತು. ಒಂದು ಸಲ ಬಾಳೂರಿನ ಹತ್ತಿರ ತಪ್ಪಿ ಬೇರೆ ಬಸ್ಸು ಹತ್ತಿ ಎಲ್ಲಿಗೋ ಹೋಗಿ ಬಂದ. ಇವನು ಹೀಗೇ ತಿರುಗುತ್ತಾ ಯಾವುದೋ ಬಸ್‌ಸ್ಟ್ಯಾಂಡಿನಲ್ಲಿ ಬೀಳುತ್ತಾನೆ ಅಂತ ನನಗೆ ಅನ್ನಿಸಿತು. ಮಾರು ಅಂದವಳು ನಾನು ತಾನೆ?

ಮಳೆಗೆ ಮುಂಚೆ ಮಾಡಿನ ನೀರು ಹರಿಯುವ ತಗಡಿನ ದಂಬೆ ರಿಪೇರಿಗೆ ಅಂತ ಮೂಡಿಗೆರೆಗೆ ಹೋದೆ. ತಗಡಿನ ಕೆಲಸದವನಿಗೆ ಹೇಳಿದೆ, "ಒಂದು ಕಾರು ಮಾಡಿಕೊಡು."

"ಅಮ್ಮಾ, ನಾನು ದಂಬೆ ಮಾಡ್ತೀನಿ, ಡಬ್ಬ ಮಾಡ್ತೀನಿ."

"ಡಬ್ಬವೇ. ನಾಲ್ಕು ಚಕ್ರ ಹಾಕು."

ಕೂತು ಹೇಳಿದೆ. ಮುಂದೆ ಹೀಗೆ ಉಬ್ಬು, ಬೆನ್ನು ಹೀಗೆ ಗುಂಡಗೆ, ಬಾಗಿಲು ನಾಲ್ಕು, ಲೈಟು ಎರಡು, ಕಪ್ಪೆ ಕಣ್ಣಿನ ಹಾಗೆ. ಎಣ್ಣೆ ಡಬ್ಬ ಕತ್ತರಿಸಿ ಮಾಡಿದ. ಮೂರು ಸಲ ಬಿಚ್ಚಿಸಿದೆ. "ನೀವು ಇಂಜಿನಿಯರ್ ಆಗಬೇಕಿತ್ತಮ್ಮ" ಅಂದ. ನಾನು ಓದಿದ್ದು ನಾಲ್ಕನೇ ಕ್ಲಾಸು. ಗೇಟಿಗೆ ಹೊಡೆಯುವ ಕಪ್ಪು ಪೇಂಟು ಬಳಿಸಿದೆ.

ಸಂಜೆ ಜಗಲಿಯಲ್ಲಿ ಅವನ ಕೈಗೆ ಕೊಟ್ಟೆ. ತಿರುಗಿಸಿದ. ಮೂಸಿದ. ಒಂದು ಕಣ್ಣು ಮುಚ್ಚಿ ನೋಡಿದ. ಬೈಯುತ್ತಾನೆ ಅಂದುಕೊಂಡೆ. "ರೂಪ ಅದೇ ಅತ್ತಿಗೆ" ಅಂದ. ಆಮೇಲೆ ಎಡಗಡೆ ಹಿಂದಿನ ಬಾಗಿಲ ಮೇಲೆ ಬೆರಳು ಆಡಿಸಿ ಕಾರನ್ನು ನನ್ನ ಕಾಲ ಹತ್ತಿರ ನೆಲಕ್ಕಿಟ್ಟ.

"ಆದರೆ ಅದಲ್ಲ ಇದು. ತಗ್ಗೆಲ್ಲಿ? ನೀವೇ ಒದೀಬೇಕು."

ಈಗ ಕಾಟಿಯ ವಿಷಯ. ಆ ಕಾಟಿ ನಾನೇ. ನನಗೆ ಆಗ ಇಪ್ಪತ್ತಮೂರು ವರ್ಷ. ಮನೆಯವರು ಕಾಫಿ ಮೂಟೆ ಹಾಕಿಕೊಂಡು ಚಿಕ್ಕಮಗಳೂರಿನ ಕ್ಯೂರಿಂಗ್ ಕಾರ್ಖಾನೆಗೆ ಹೋಗಿದ್ದ ದಿನ ಹೆರಿಗೆ ನೋವು ಬಂತು. ಇವನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮೂಡಿಗೆರೆ ಆಸ್ಪತ್ರೆಗೆ ಹೊರಟ. ಬಾಳೂರಿನ ತಿರುವಿನಲ್ಲಿ ನೋವು ತಡೆಯದೆ ಬಾಗಿಲಿಗೆ ಒದ್ದೆ. ಚಿಲಕ ಕಿತ್ತು, ಬಾಗಿಲು ತೆರೆದುಕೊಂಡು ರಸ್ತೆ ಬದಿಯ ಬಂಡೆಗೆ ಬಡಿಯಿತು. ಹೆಣ್ಣು ಮಗು. ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕಿ ಹೆಸರಿಡಬೇಕಿತ್ತು. ಒಂಬತ್ತನೇ ದಿನಕ್ಕೇ ಹೋಯಿತು. ಆಮೇಲೆ ಬೇರೆ ಮಕ್ಕಳಾದವು, ಕೆಲಸ ಇತ್ತು, ಯಾರೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಒದ್ದೆ. ತಗಡಿನ ಕಾರು ಹೋಗಿ ಒರಳುಕಲ್ಲಿಗೆ ಬಡಿದು ಮುಂದಿನ ಲೈಟು ಬಾಗಿತು. ಇನ್ನೊಂದು ಸಲ ಒದ್ದರೆ ಅದರ ಮಾಡು ಚಪ್ಪಟೆ.

"ಅವತ್ತು ಒಂದೇ ಏಟಿಗೆ ಆಗಿತ್ತು" ಅಂದ.

"ಅವತ್ತು ನನ್ನ ಕಾಲಲ್ಲಿ ವಾತ ಇರಲಿಲ್ಲ ಮಾರಾಯ."

ಮೂರನೇ ಸಲಕ್ಕೆ ಸರಿಯಾದ ಬಾಗಿಲಿಗೇ ಬಿತ್ತು. ಅವನು ಎತ್ತಿಕೊಂಡು ಆ ತಗ್ಗಿನಲ್ಲಿ ಹೆಬ್ಬೆರಳು ಇಟ್ಟುಕೊಂಡು ಕಟ್ಟೆ ಮೇಲೆ ಕೂತ. ಕಾಲು ಅಲ್ಲಾಡಲಿಲ್ಲ. ಕಾಫಿ ಲೋಟ ಪಕ್ಕದಲ್ಲೇ ತಣ್ಣಗಾಯಿತು.

"ಯಾಕೆ ಅದನ್ನ ಸರಿಮಾಡಿಸಲಿಲ್ಲ ನೀನು?" ಕೇಳಿದೆ. ಅಷ್ಟು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ.

"ಹೆಸರಂತೂ ಇಡೋಕಾಗಲಿಲ್ಲ ಅತ್ತಿಗೆ. ಗುರುತೊಂದಾದರೂ ಇರಲಿ ಅಂತ ಬಿಟ್ಟಿದ್ದೆ."

"ಹಾಲು ಉಕ್ಕಿತು" ಅಂತ ನಾನು ಎದ್ದು ಅಡುಗೆಮನೆಗೆ ಹೋದೆ. ಒಲೆ ಮೇಲೆ ಹಾಲಿರಲಿಲ್ಲ. ಒಲೆಗೆ ಬೆಂಕಿಯನ್ನೇ ಹಾಕಿರಲಿಲ್ಲ.