ಭಾಲ್ಕಿಯಲ್ಲಿ ನಾನು ಕೇಳಿದ ಒಂದು ಪ್ರಶ್ನೆ

ಕೇಳಿದ್ದನ್ನೆಲ್ಲ ನಂಬುವ ಮನುಷ್ಯ ನಾನಲ್ಲ ಎಂದು ಬಹಳ ವರ್ಷಗಳಿಂದ ನಂಬಿಕೊಂಡು ಬಂದಿದ್ದೆ. ಬೀದರಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ಪ್ರತಿ ವರ್ಷ ಮೊದಲ ದಿನವೇ ಬೋರ್ಡಿನ ಮೇಲೆ ‘ಯಾರು ಹೇಳಿದರು? ಅವರಿಗೆ ಹೇಗೆ ಗೊತ್ತು?’ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಕೈಕಟ್ಟಿ ನಿಲ್ಲುತ್ತೇನೆ. ಮಕ್ಕಳು ಒಂದು ಪ್ರಶ್ನೆಯನ್ನೂ ಕೇಳದೆ ಅದನ್ನು ಬರೆದುಕೊಳ್ಳುತ್ತಾರೆ. ಮನೆಯಲ್ಲೂ ಇದೇ ಪಾಠ. ನನ್ನ ಹೆಂಡತಿ ಎಸ್ತೇರ ಆಸ್ಪತ್ರೆಯಲ್ಲಿ ನರ್ಸು. ಮೊಬೈಲಿಗೆ ಬಂದ ಯಾವುದೋ ಮನೆಮದ್ದನ್ನು ಅವಳು ನಗುತ್ತ ಓದಿದರೂ ಸಾಕು, ನಾನು ಬಚ್ಚಲಿನಿಂದಲೇ “ಯಾರು ಹೇಳಿದ್ರು?” ಎಂದು ಕೂಗುತ್ತೇನೆ. ಆಕೆ ಅದನ್ನು ನಂಬಿದ್ದಾಳೋ ಇಲ್ಲವೋ ಎಂದು ವಿಚಾರಿಸುವ ತಾಳ್ಮೆ ನನಗಿರುವುದಿಲ್ಲ.

ಹೀಗಿರುವಾಗ ಎಸ್ತೇರಳ ಅಕ್ಕನ ಮಗಳು ರೂತಳಿಗೆ ಭಾಲ್ಕಿಯ ಸಂಬಂಧ ಬಂತು. ಹುಡುಗ ಸುಧೀರ, ಬೀದರ ಪಕ್ಕದ ಕೊಳಾರದ ಒಂದು ಕಾರ್ಖಾನೆಯಲ್ಲಿ ಮಶೀನು ನಡೆಸುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮೆಚ್ಚಿದ್ದರು. ನಮ್ಮ ಚರ್ಚಿನಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ವಧೂವರರ ಹೆಸರನ್ನು ಎಲ್ಲರೆದುರು ಓದಿ, ತಕರಾರಿದ್ದವರು ಎದ್ದು ಹೇಳಬಹುದು ಎನ್ನುತ್ತಾರೆ. ಅಲ್ಲಿ ಯಾರೋ ಎದ್ದು ಮಾನ ಕಳೆಯುವ ಬದಲು ನಾವೇ ಮೊದಲು ವಿಚಾರಿಸಿಬಿಡುವುದು ರೂಢಿ.

“ನೀವ ಹೋಗಿ ಬರ್ರಿ. ಎಲ್ಲಾದಕ್ಕೂ ಪುರಾವೆ ಕೇಳೋರು ನೀವ ಅಲ್ಲೇನ್ರಿ?” ಎಂದಳು ಎಸ್ತೇರ. ನಾನದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಶನಿವಾರ ಸಾಲೆ ಬಿಟ್ಟ ಮೇಲೆ ಹಸಿರು ಛತ್ರಿ ಹಿಡಿದು ಭಾಲ್ಕಿಯ ಬಸ್ಸು ಹತ್ತಿದೆ. ಹುಡುಗನ ಓಣಿಯ ಮೂಲೆಯ ಚಹಾದ ಹೋಟೆಲಿನಲ್ಲಿ ಕೂತು, ಮಾಲೀಕನನ್ನು ಹತ್ತಿರ ಕರೆದು, ಬೀದರಿನ ಮಾಸ್ತರನೆಂದು ಪರಿಚಯ ಹೇಳಿಕೊಂಡು, ದನಿ ತಗ್ಗಿಸಿ ಕೇಳಿದೆ: “ಸುಧೀರ ಅನ್ನೋ ಹುಡುಗ ಹ್ಯಾಂಗರಿ? ಕುಡಿತಾನೇನ್ರಿ?” ತಗ್ಗಿಸಿದ ದನಿ ಹೆಚ್ಚು ದೂರ ಕೇಳಿಸುತ್ತದೆ ಎಂಬುದು ನಾನು ಕಲಿಸುವ ಯಾವ ಪುಸ್ತಕದಲ್ಲೂ ಇಲ್ಲ.

“ನಾ ಅಂತೂ ನೋಡಿಲ್ಲರಿ ಸಾಹೇಬ್ರ,” ಎಂದ ಆತ. ಪಕ್ಕದ ಕಟಿಂಗ್ ಅಂಗಡಿಗೆ ಹೋಗಿ, ಇರುವ ನಾಲ್ಕು ಕೂದಲನ್ನು ಕತ್ತರಿಗೆ ಒಪ್ಪಿಸಿ, ಅಲ್ಲೂ ಅದನ್ನೇ ಕೇಳಿದೆ. “ಗೊತ್ತಿಲ್ಲರಿ. ಯಾಕ ಕೇಳ್ತೀರಿ?” ಎಂದ ಅಂಗಡಿಯವನು. “ಏನಿಲ್ಲ, ಹಾಂಗೇ,” ಎಂದು ಏನೋ ಗೊತ್ತಿದ್ದವನಂತೆ ಮುಖ ಮಾಡಿ ಎದ್ದುಬಂದೆ. ಮನೆಗೆ ಬಂದು ಪುರಾವೆ ಸಿಗಲಿಲ್ಲ ಎಂದು ವರದಿ ಒಪ್ಪಿಸಿದೆ.

ಪುರಾವೆ ತಾನಾಗಿಯೇ ನಡೆದು ಬಂತು. ಮುಂದಿನ ವಾರ ಔರಾದಿನಿಂದ ಬರುವ ನಮ್ಮ ಸಾಲೆಯ ದತ್ತಾತ್ರಿ ಮಾಸ್ತರು, “ಸರ, ನಿಮ್ಮ ರೂತಗ ನೋಡಿದ ಹುಡುಗ ಕುಡಿತಾನಂತಲ್ಲರಿ?” ಎಂದು ಮರುಕಪಟ್ಟರು. ಎರಡು ದಿನ ಬಿಟ್ಟು, ಕಮಠಾಣದಿಂದ ಮನೆ ಬಾಗಿಲಿಗೆ ಕಾಯಿಪಲ್ಯ ಮಾರಲು ಬರುವ ಕಲ್ಲಮ್ಮನೂ ಅದನ್ನೇ ಅಂದಳು. ಔರಾದ ಒಂದು ದಿಕ್ಕು, ಕಮಠಾಣ ಇನ್ನೊಂದು. ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಒಂದೇ ಮಾತು ಹೇಳಿದರೆ ಇನ್ನೇನು ಬೇಕು? ಆ ಸಂಜೆಯೇ ರೂತಳನ್ನೂ ಅವಳ ತಾಯಿಯನ್ನೂ ಕರೆಸಿ, ಸಂಬಂಧ ಬೇಡ ಎಂದು ತೀರ್ಪು ಕೊಟ್ಟುಬಿಟ್ಟೆ.

ರೂತ ತಲೆ ಎತ್ತಿ, “ಕಾಕಾ, ಅವರಿಗಿ ಯಾರ ಹೇಳಿದ್ರು? ಅವರಿಗಿ ಹ್ಯಾಂಗ ಗೊತ್ತು?” ಎಂದಳು. ಹತ್ತನೆಯ ತರಗತಿಯಲ್ಲಿ ಅವಳು ನನ್ನ ವಿದ್ಯಾರ್ಥಿನಿಯಾಗಿದ್ದಳು.

ಬೇರೆ ದಾರಿಯಿಲ್ಲದೆ ವಿಚಾರಿಸಿದೆ. ಕಲ್ಲಮ್ಮನಿಗೆ ಹೇಳಿದವಳು ಭಾಲ್ಕಿ ಕಡೆಯ ಸಾಯಗಾಂವಕ್ಕೆ ಮದುವೆ ಮಾಡಿಕೊಟ್ಟ ಅವಳ ತಂಗಿ. ತಂಗಿಯ ಗಂಡ ಅದನ್ನು ಕೇಳಿದ್ದು ಭಾಲ್ಕಿಯ ಚಹಾದ ಹೋಟೆಲಿನಲ್ಲಿ. ದತ್ತಾತ್ರಿಯವರಿಗೆ ಹೇಳಿದ್ದು ಭಾಲ್ಕಿಯ ಅವರ ಭಾವ. ಮನೆಯವರೆಲ್ಲರ ಎದುರೇ ಸ್ಪೀಕರ್ ಹಾಕಿ ಆತನಿಗೆ ಫೋನು ಹಚ್ಚಿದೆವು. ನಾನು ಯಾರೆಂದು ಗೊತ್ತಿಲ್ಲದ ಆ ಪುಣ್ಯಾತ್ಮ ಎಲ್ಲರಿಗೂ ಕೇಳುವಂತೆ ಹೇಳಿದ: “ಕಟಿಂಗ್ ಅಂಗಡ್ಯಾಗ ಮಾತಾಡ್ಲಿಕತ್ತಿದ್ರರಿ. ಬೀದರದಿಂದ ಒಬ್ಬ ಮಾಸ್ತರ ಬಂದಿದ್ದನಂತ. ತಲಿ ಬೋಳ, ಕೈಯಾಗ ಹಸಿರ ಛತ್ರಿ. ಅಂಥಾ ಶಾಣ್ಯಾ ಮನುಷ್ಯ ಬಸ್ಸ ಹತ್ತಿ ಬಂದು, ಹುಡುಗ ಕುಡಿತಾನೇನಂತ ಕೇಳ್ತಾನಂದ್ರ, ಏನೂ ಇಲ್ದ ಕೇಳ್ತಾನೇನ್ರಿ?”

ಎಲ್ಲರೂ ಬಾಗಿಲ ಹಿಂದೆ ತೂಗುಹಾಕಿದ್ದ ಛತ್ರಿಯನ್ನು ನೋಡಿದರು. ಯಾರೂ ನಗಲಿಲ್ಲ. ರೂತಳ ಕಣ್ಣಲ್ಲಿ ನೀರು ಬಂತು. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಮರುದಿನ ಸುಧೀರನನ್ನೇ ಕೇಳಿದೆ. ಅವನು ಸಿಟ್ಟಾಗಲಿಲ್ಲ. “ಇಲ್ಲರಿ ಕಾಕಾ. ಮಶೀನಿನ ಕೆಲಸ ನೋಡ್ರಿ, ಕುಡಿದೀವೇನಂತ ದಿನಾ ಗೇಟಿನಾಗ ಬಾಯಿಂದ ಊದಿಸಿ ನೋಡಿ ಒಳಗ ಬಿಡ್ತಾರ. ಬಂದು ನೋಡ್ರಿ,” ಎಂದ. ಹೋಗಿ ನೋಡಿದೆ. ಸಾಲಿನಲ್ಲಿ ನಿಂತು ಅವನೂ ಊದಿದ, ಒಳಗೆ ಹೋದ. ಕಾವಲಿನವರು, ಆರು ವರ್ಷದಲ್ಲಿ ಈ ಹುಡುಗನನ್ನು ಒಂದು ದಿನವೂ ತಿರುಗಿ ಕಳಿಸಿಲ್ಲ ಎಂದರು. ಕೊಳಾರ ನಮ್ಮ ಮನೆಯಿಂದ ಆಟೋದ ದಾರಿ. ನಾನು ಭಾಲ್ಕಿಗೆ ಹೋಗಿದ್ದೆ.

ಮಾಡಿದ ತಪ್ಪು ತಿದ್ದಬೇಕಲ್ಲ? ಮತ್ತೆ ಭಾಲ್ಕಿಗೆ ಹೋದೆ. ಈ ಸಲ ದನಿ ತಗ್ಗಿಸಲಿಲ್ಲ. ಹೋಟೆಲಿನ ನಡುವೆ ನಿಂತು, ಛತ್ರಿ ಎತ್ತಿ, “ಸುಧೀರ ಕುಡಿಯೋದಿಲ್ಲ! ನಾನೇ ಕಣ್ಣಾರೆ ನೋಡೀನಿ!” ಎಂದು ಸಾರಿದೆ. ಚಹಾ ಕುಡಿಯುತ್ತಿದ್ದವರೆಲ್ಲ ಕಪ್ಪು-ಬಸಿ ಕೆಳಗಿಟ್ಟು ನನ್ನನ್ನೇ ನೋಡಿದರು.

ಮೊದಲ ಭಾನುವಾರ ಚರ್ಚಿನಲ್ಲಿ ಹೆಸರು ಓದಿ, ಯಾರದಾದರೂ ತಕರಾರಿದೆಯೇ ಎಂದಾಗ ನಮ್ಮ ಸಾಲಿನವರೆಲ್ಲ ನನ್ನ ಕಡೆ ತಿರುಗಿದರು. ನಾನು ಛತ್ರಿಯ ಹಿಡಿಕೆಯನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸಿದೆ. ರೂತ ಮಾತ್ರ ಮುಂದೆ ನೋಡಿ ನಗುತ್ತಿದ್ದಳು.

ಎಲ್ಲ ಸುಖಾಂತವಾಯಿತು ಎಂದುಕೊಂಡು ಮರುದಿನ ಪೇಪರು ಓದುತ್ತ ಕೂತಿದ್ದೆ. ಬಾಗಿಲಲ್ಲಿ ಕಲ್ಲಮ್ಮ ಎಸ್ತೇರಳಿಗೆ ಮೆಂತ್ಯದ ಸಿವುಡು ಕೊಡುತ್ತ ದನಿ ತಗ್ಗಿಸಿದಳು: “ಅಕ್ಕಾರ, ಹುಡುಗ ಭಾಳ ಚಲೋ ಅಂತ್ರಿ. ಕುಡಿಯೋರು ನಿಮ್ಮ ಮಾಸ್ತರಂತ. ಭಾಲ್ಕಿ ಹೋಟೆಲಿನಾಗ ಛತ್ರಿ ಎತ್ತಿ ಒದರಾಡಿದ್ರಂತಲ್ರಿ?”

“ಯಾರು ಹೇಳಿದ್ರು?” ಎಂದು ನಾನು ಒಳಗಿನಿಂದ ಗುಡುಗಿದೆ.

ಎಸ್ತೇರ ಯಾರನ್ನೂ ಏನೂ ಕೇಳಲಿಲ್ಲ. ಮೆಂತ್ಯ ಕೈಯಲ್ಲಿ ಹಿಡಿದೇ ಒಳಗೆ ಬಂದಳು, ನನ್ನ ಮುಖದ ಹತ್ತಿರ ಬಾಗಿದಳು.

“ಊದ್ರಿ,” ಎಂದಳು.

ಊದಿದೆ.