ಜ್ಞಾಪಕಶಕ್ತಿ ಪರೀಕ್ಷೆಯಲ್ಲಿ ನಾನು ಫೇಲಾದದ್ದು

ಏನೂ ಆಗದೆ ಆರಾಮಾಗಿ ಕೂತವನನ್ನು ಎಬ್ಬಿಸಿ, ಏನಾದರೂ ಆಗಿರಬಹುದೇ ಎಂದು ಹುಡುಕುವುದು ನನಗೆ ಮೊದಲಿನಿಂದಲೂ ಆಗಿಬರದ ವಿಷಯ. ಹಾಗೆಂದು ನಾನು ತಪಾಸಣೆಯ ಶತ್ರುವಲ್ಲ. ಬಿಪಿ ನೋಡಿಸಿಕೊಂಡದ್ದರಿಂದಲೇ ನನ್ನ ಭಾವಮೈದುನ ಇವತ್ತಿಗೂ ಗಟ್ಟಿಮುಟ್ಟಾಗಿ ಓಡಾಡಿಕೊಂಡು ನನ್ನ ತಪ್ಪು ಹುಡುಕುತ್ತಿದ್ದಾನೆ. ಆದರೆ ನಾನು ಕಾಲೇಜಿನಲ್ಲಿ ಜೀವಮಾನವೆಲ್ಲ ಸಂಖ್ಯಾಶಾಸ್ತ್ರ ಪಾಠ ಮಾಡಿದವನು. ಅಪರೂಪದ ರೋಗಕ್ಕೆ ಊರಿಗೆಲ್ಲ ಪರೀಕ್ಷೆ ಮಾಡಿದರೆ ಸಿಕ್ಕಿಬೀಳುವವರಲ್ಲಿ ಆರೋಗ್ಯವಂತರೇ ಹೆಚ್ಚಾಗಿಬಿಡಬಹುದು. ಆಮೇಲೆ ಅವರ ನಿದ್ದೆ ಹೋಗುತ್ತದೆ, ಇನ್ನೊಂದು ಪರೀಕ್ಷೆ ಬರುತ್ತದೆ. ಎಷ್ಟು ಜನಕ್ಕೆ ನಿಜವಾಗಿ ಒಳ್ಳೆಯದಾಯಿತು, ಎಷ್ಟು ಜನಕ್ಕೆ ಸುಮ್ಮನೆ ಎದೆ ಹೊಡೆದುಕೊಂಡಿತು, ಎರಡನ್ನೂ ತೂಗಿ ನೋಡಬೇಕು. ಇದನ್ನು ಮಧುಗಿರಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿದ್ದೇನೆ. ಹೇಳಿದ್ದು ಮರೆತು ಕೆಲವರಿಗೆ ಮತ್ತೆ ಮತ್ತೆ ಹೇಳಿದ್ದೇನಂತೆ.

ಅದನ್ನಾದರೂ ಹೆಂಡತಿ ಗಿರಿಜೆ ಕ್ಷಮಿಸಿಯಾಳು. ಆದರೆ ಈಚೆಗೆ ಕೊರಟಗೆರೆಗೆ ಸ್ಕೂಟರಿನಲ್ಲಿ ಹೋದವನು ಬಸ್ಸು ಹತ್ತಿ ಮನೆಗೆ ಬಂದುಬಿಟ್ಟೆ. ಮರುದಿನ ಸ್ಕೂಟರ್ ಮನೆಗೆ ಬಂತು, ಕೀ ಅವಳ ಸೊಂಟಕ್ಕೆ ಹೋಯಿತು.

"ಕಲ್ಯಾಣ ಮಂಟಪದಲ್ಲಿ ಜ್ಞಾಪಕಶಕ್ತಿ ಕ್ಯಾಂಪ್ ಹಾಕಿದ್ದಾರೆ. ಪಾಸಾಗಿ ಬನ್ನಿ, ಕೀ ಕೊಡ್ತೀನಿ. ಇಲ್ದಿದ್ರೆ ಇನ್ಮೇಲೆ ನಾನೇ ಓಡಿಸ್ತೀನಿ, ನೀವು ಹಿಂದೆ ಕೂತ್ಕೊಳ್ಳಿ."

ಸ್ಕೂಟರಿಲ್ಲದೆ ನಾನು ತರಕಾರಿ ಅಂಗಡಿಯಾಚೆಗೆ ಅಪ್ಪಣೆಯಿಲ್ಲದೆ ಹೋಗಲಾಗದ ಮನುಷ್ಯ. ಊಟ ಮುಗಿಸಿ ಹೋಗಿ ಸಾಲಿನಲ್ಲಿ ನಿಂತೆ. ಬೆಳಗ್ಗೆಯೇ ಪಾಸಾಗಿದ್ದ ನಮ್ಮ ಬೀದಿಯ ಬೀಜದಂಗಡಿ ಶಿವಣ್ಣ ಸಾಲಿನುದ್ದಕ್ಕೂ ಉತ್ಸಾಹದಿಂದ ಓಡಾಡುತ್ತಿದ್ದ.

"ಭಯ ಬೀಳ್ಬ್ಯಾಡ್ರಪ್ಪೋ! ಐದು ಮಾತು ಹೇಳ್ತಾರೆ, ವಸಿ ಹೊತ್ತು ಬುಟ್ಟು ಕೇಳ್ತಾರೆ, ಅಷ್ಟೇಯ. ಕೊಡೆ, ಕನ್ನಡಿ, ಹುಣಸೆಹಣ್ಣು, ಬಸ್ಸು, ನವಿಲು. ಬಾಯ್ಪಾಠ ಮಾಡ್ಕಂಬುಡಿ!"

ಇಡೀ ಸಾಲು ಮಗ್ಗಿ ಹೇಳುವಂತೆ ಶುರುಮಾಡಿತು.

"ಶಿವಣ್ಣ, ಇದು ಕಾಪಿ ಕಣೋ!" ಎಂದೆ.

"ಅಂಗಂದ್ರೆ ಹೆಂಗೆ ಸಾ? ನಮ್ ಬೀದಿಯೋರು ಫೇಲಾದ್ರೆ ನಮ್ಗೇ ಅಲ್ವಾ ಅವಮಾನ?"

ಕೊಠಡಿ ಮೇಲ್ವಿಚಾರಕನಾಗಿ ನಾನು ಹೆಸರುವಾಸಿ. ಚೀಟಿ ಇಟ್ಟುಕೊಂಡ ಹುಡುಗರು ನನ್ನ ಚಪ್ಪಲಿ ಸದ್ದಿಗೇ ಅದನ್ನು ನುಂಗಿಬಿಡುತ್ತಿದ್ದರು. ಅಂಥ ನನ್ನ ಕಣ್ಣ ಮುಂದೆ ಸ್ಕೂಟರಿನ ಕೀ ತೂಗಾಡಿತು. ತುಟಿ ತಾನಾಗಿ ಅಲ್ಲಾಡಿತು. ಕೊಡೆ, ಕನ್ನಡಿ...

ಒಳಗೆ ಎಳೆಯ ವಯಸ್ಸಿನ ಡಾಕ್ಟರಮ್ಮ ಐದು ಪದಗಳನ್ನು ನಿಧಾನವಾಗಿ ಹೇಳಿದಳು. ಗೊತ್ತಿರುವ ಪ್ರಶ್ನೆಪತ್ರಿಕೆಯನ್ನು ಯಾರು ಓದುತ್ತಾರೆ? ನಾನು ಗೋಡೆ ನೋಡುತ್ತಿದ್ದೆ. ಆಮೇಲೆ ಕೇಳಿದಾಗ ಒಂದೇ ಉಸಿರಿಗೆ ಒಪ್ಪಿಸಿದೆ.

ಅವಳ ಮುಖ ಮೃದುವಾಯಿತು. "ಸಾರ್, ಇದ್ರಲ್ಲಿ ಒಂದನ್ನೂ ನಾನು ಹೇಳಿಲ್ಲ. ನವಿಲು ಎಲ್ಲಿಂದ ಬಂತು?"

ಮಧ್ಯಾಹ್ನಕ್ಕೆ ಪದ ಬದಲಾಯಿಸಿದ್ದರು! ನನ್ನ ಜ್ಞಾಪಕ ಅಮೋಘವಾಗಿತ್ತು, ಆದರೆ ಹಾಗೆನ್ನಬೇಕಾದರೆ ಕಾಪಿ ಹೊಡೆದೆ ಎನ್ನಬೇಕು. ಪರದೆಯಾಚೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸರದಿ ಕಾಯುತ್ತಿದ್ದ.

"ಹಾಗೇ ಬಂತಮ್ಮ" ಎಂದೆ.

ಸಿರಾದಲ್ಲಿ ದೊಡ್ಡ ಡಾಕ್ಟರಿಗೆ ತೋರಿಸಿ, ತಲೆ ಸ್ಕ್ಯಾನ್ ಮಾಡಿಸಬೇಕಾಗಬಹುದು ಎಂದಳು.

ಮನೆಯಲ್ಲಿ ಗಿರಿಜೆಯ ಕಣ್ಣು ತುಂಬಿದ್ದು ನೋಡಲಾಗದೆ ನಿಜ ಒದರಿದೆ. "ಏನೂ ಆಗಿಲ್ಲ ಕಣೇ, ನಾನು ಕಾಪಿ ಹೊಡೆದೆ!"

"ನೀವಾ? ಕಾಪಿನಾ? ಅಯ್ಯೋ ದೇವ್ರೇ, ಇಲ್ದಿದ್ದನ್ನೆಲ್ಲ ಕಟ್ಟಿ ಹೇಳೋಕೆ ಶುರುಮಾಡಿದ್ರಲ್ಲ" ಎಂದು ಜೋರಾಗಿಯೇ ಅತ್ತಳು.

ಸಾಕ್ಷಿಗೆ ಶಿವಣ್ಣನನ್ನು ಎಳೆದು ತಂದೆ. ಅವನು ಗಿರಿಜೆಯ ಮುಖ ನೋಡಿದ, ನನ್ನ ಮುಖ ನೋಡಿದ. "ನಾನಾ? ಹೇಳ್ಕೊಟ್ನಾ? ನಂಗೇನೂ ಗ್ಯಾಪ್ಕ ಇಲ್ವಲ್ಲ ಕಣಮ್ಮ."

ಶಿವಣ್ಣನ ಜ್ಞಾಪಕಶಕ್ತಿ ಚೆನ್ನಾಗಿದೆಯೆಂದು ಕ್ಯಾಂಪಿನವರೇ ಹೇಳಿದ್ದಾರೆ. ಆದ್ದರಿಂದ ಸೋಮವಾರ ಸಿರಾಕ್ಕೆ ತಲೆ ತೋರಿಸಲು ಹೊರಟಿರುವವನು ನಾನು. ಸ್ಕೂಟರ್ ಓಡಿಸುವವಳು ಗಿರಿಜೆ. ಅನಾವಶ್ಯಕ ತಪಾಸಣೆಯ ಅಪಾಯಗಳನ್ನು ದಾರಿಯುದ್ದಕ್ಕೂ ಅವಳ ಬೆನ್ನಿಗೆ ವಿವರಿಸಬೇಕೆಂದಿದ್ದೇನೆ. ಈಗಾಗಲೇ ವಿವರಿಸಿಲ್ಲದಿದ್ದರೆ.