ಗಿರಿಜಾಳ ಬಳೆ ಮತ್ತು ಸಂಡಾಸಿನ ರಬ್ಬರ್

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನಿಗೆ ಸಂಡಾಸಿನ ಒಂದು ನೀರಿನ ತೊಟ್ಟಿ ಏನು ಮಹಾ! ಅದರೊಳಗೆ ಇರುವುದೆಲ್ಲ ವೃತ್ತಗಳು ಮತ್ತು ಸಿಲಿಂಡರುಗಳು. ವ್ಯಾಸ ಗೊತ್ತಾದರೆ ಮುಗಿಯಿತು. ಹೀಗೆಂದು ನನ್ನ ಹೆಂಡತಿ ಗಿರಿಜಾಳಿಗೆ ಫೋನಿನಲ್ಲಿ ಹೇಳಿದಾಗ ನನ್ನ ದನಿಯಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ.

ಗಿರಿಜಾಳ ಮೊಣಕಾಲಿನ ಆಪರೇಷನ್ ಹುಬ್ಬಳ್ಳಿಯಲ್ಲಿ ಆಗಿತ್ತು. ಇನ್ನು ಕುಕ್ಕರಗಾಲಲ್ಲಿ ಕೂಡುವ ಹಾಗಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರಿಂದ ದಾಂಡೇಲಿಯ ಬಂಗೂರನಗರದ ನಮ್ಮ ಮನೆಯಲ್ಲಿ ಹೊಸ ಕಮೋಡ್ ಕೂಡಿಸಿ, ಅದಕ್ಕೆ ಕುಂಕುಮ ಹಚ್ಚುವುದೊಂದನ್ನು ಬಿಟ್ಟು ಉಳಿದೆಲ್ಲ ಮರ್ಯಾದೆ ಮಾಡಿದ್ದೆವು. ಆಪರೇಷನ್ ಆದ ಮೇಲೆ ಹದಿನೈದು ದಿನ ಹಳಿಯಾಳದಲ್ಲಿ ಅವಳ ತಂಗಿಯ ಮನೆಯಲ್ಲಿ ಇರುವುದು, ಆಮೇಲೆ ಮನೆಗೆ ಬರುವುದು ಎಂದು ಮಾತಾಗಿತ್ತು. ಹದಿನಾಲ್ಕನೆಯ ದಿನ ಕಮೋಡ್ ಸೋರತೊಡಗಿತು. ಫ್ಲಶ್ ಒತ್ತಿದಾಗಲೆಲ್ಲ ಬೆನ್ನಿನ ತೊಟ್ಟಿಯ ಬುಡದಿಂದ ನೀರಿಳಿದು ನೆಲವೆಲ್ಲ ಒದ್ದೆ. ಜಾರಿ ಬಿದ್ದರೆ ಮಾಡಿದ್ದೆಲ್ಲ ಹಾಳು ಎಂದು ಡಾಕ್ಟರು ಹೆದರಿಸಿ ಕಳಿಸಿದ್ದರು.

"ನೆಲ ಒಣಗಿದ ದಿನಾ ಬರ್ತೇನ್ರಿ," ಅಂದಳು ಗಿರಿಜಾ.

ಹಳಿಯಾಳವೇನು ಸಮುದ್ರದಾಚೆ ಇಲ್ಲ. ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವುದರೊಳಗೆ ಬಂದುಬಿಡುತ್ತದೆ. ರವಿವಾರ ರವಿವಾರ ಹೋಗುತ್ತಲೂ ಇದ್ದೆ. ಆದರೆ ಅಲ್ಲಿ ನಾನು ಹಿರಿಯ ಭಾವ. ಹೊರಗಿನ ಸೋಫಾದಲ್ಲಿ ಕೂಡಿಸಿ, ಎರಡು ಸಲ ಚಹಾ ಕೊಟ್ಟು, ಷಡ್ಡಕನ ಕಬ್ಬಿನ ಬೆಳೆಯ ಬಗ್ಗೆ ಕೇಳಿಸಿ ಕಳಿಸುತ್ತಿದ್ದರು. ಒಳಗೆ ಮಂಚದ ಮೇಲಿದ್ದ ಹೆಂಡತಿಯ ಜೊತೆ "ಗುಳಗಿ ತಗೊಂಡೇನು?" "ಊಟ ಆತೇನ್ರಿ?" ಇಷ್ಟೇ ಸಂಸಾರ. ತಿರುಗಿ ದಾಂಡೇಲಿಗೆ ಬಂದು ಬಾಗಿಲು ತೆಗೆದರೆ ಮನೆ ಗಪ್ಪು. ಮೂವತ್ತೈದು ವರ್ಷ "ಸ್ವಲ್ಪ ಸುಮ್ಮಕಿರು ಮಾರಾಯ್ತಿ" ಎಂದು ಕೈಮುಗಿದವನು ನಾನೇ. ಈಗ ಬೈಯುವವರಿಲ್ಲದೆ ಚಹಾಕ್ಕೆ ಸಕ್ಕರೆ ಎಷ್ಟು ಹಾಕಬೇಕೆಂಬುದೂ ತಿಳಿಯುತ್ತಿರಲಿಲ್ಲ. ಎರಡು ಕಪ್ಪು ಮಾಡಿ ಎರಡನ್ನೂ ನಾನೇ ಕುಡಿಯುತ್ತಿದ್ದೆ.

ಇನ್ನೊಂದು ವಿಷಯ ಹೇಳುತ್ತೇನೆ, ನಗಬಾರದು. ಆಪರೇಷನ್ನಿಗೆ ಒಳಗೆ ಹೋಗುವ ಮುಂಚೆ ಗಿರಿಜಾ ಕೈಯ ಹಸಿರು ಗಾಜಿನ ಬಳೆಗಳನ್ನೆಲ್ಲ ತೆಗೆದು ಕರವಸ್ತ್ರದಲ್ಲಿ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟಿದ್ದಳು. ಒಂದು ಡಜನ್. ನಾನು ದಿನಾ ಸಂಜೆ ಕಪಾಟು ತೆಗೆದು ಆ ಗಂಟನ್ನು ಒಮ್ಮೆ ಅಲ್ಲಾಡಿಸಿ ಇಡುತ್ತಿದ್ದೆ. ಅಡಿಗೆಮನೆಯಲ್ಲಿ ಆಕೆ ರೊಟ್ಟಿ ಬಡಿಯುತ್ತಿದ್ದಾಳೆ ಅನ್ನಿಸುತ್ತಿತ್ತು. ಹೊಟ್ಟೆ ತುಂಬುತ್ತಿರಲಿಲ್ಲ, ಅಷ್ಟೇ.

ಪ್ಲಂಬರ್ ರಫೀಕನಿಗೆ ಫೋನ್ ಮಾಡಿದೆ. ಜೋಯಿಡಾ ಕಡೆ ಕಾಡಿನಲ್ಲಿ ಹೋಮ್‌ಸ್ಟೇ ಕಟ್ಟುವವರು ನಮ್ಮೂರಿನ ಪ್ಲಂಬರುಗಳನ್ನೆಲ್ಲ ಹಿಡಿದುಕೊಂಡು ಹೋಗಿದ್ದರು. ಗುಡ್ಡ ಹತ್ತಿದಾಗ ಮಾತ್ರ ಅವನ ಫೋನು ಹತ್ತುತ್ತಿತ್ತು.

"ನಾಳೆ ಬರ್ತೇನ್ರಿ ಸರ!"

ಈ ನಾಳೆ ಎರಡೂವರೆ ವಾರ ನಡೆಯಿತು. ಕೊನೆಗೆ ನಾನೇ ಲುಂಗಿ ಎತ್ತಿ ಕಟ್ಟಿದೆ.

ತೊಟ್ಟಿಯ ನೀರು ಖಾಲಿ ಮಾಡಿ, ಕೆಳಗಿನ ಎರಡು ತಿರುಪು ಬಿಚ್ಚಿ, ಮಗುವನ್ನು ಎತ್ತಿದ ಹಾಗೆ ತೊಟ್ಟಿಯನ್ನು ಎತ್ತಿ ಪಕ್ಕಕ್ಕಿಟ್ಟೆ. ಇಲ್ಲಿಯವರೆಗೆ ನನ್ನ ಕೆಲಸದಲ್ಲಿ ಒಂದೂ ತಪ್ಪಿಲ್ಲ, ಇದನ್ನು ದಯವಿಟ್ಟು ಗಮನಿಸಬೇಕು. ತೊಟ್ಟಿ ಮತ್ತು ಕಮೋಡಿನ ನಡುವೆ ದಪ್ಪನೆಯ ಕರಿ ರಬ್ಬರಿನ ಉಂಗುರವಿತ್ತು. ಒಂದು ಕಡೆ ಹರಿದಿತ್ತು. ರೋಗ ಸಿಕ್ಕಿತು! ಇನ್ನು ಅಂಥದೇ ಹೊಸದನ್ನು ತಂದರಾಯಿತು.

ಯಾರಾದರೂ ಹಳೆಯ ರಬ್ಬರನ್ನೇ ಅಂಗಡಿಗೆ ಒಯ್ಯುತ್ತಾರೆ. ನಾನು ಒಯ್ಯಲಿಲ್ಲ. ಸಂಡಾಸಿನ ಚೊಂಬು ಕೂಡ ಒಳಗಿನ ಹೊಸ್ತಿಲು ದಾಟಬಾರದು ಎಂಬ ಶಿಸ್ತಿನಲ್ಲಿ ನಮ್ಮವ್ವ ನನ್ನನ್ನು ಬೆಳೆಸಿದ್ದಳು. ಆ ರಬ್ಬರನ್ನು ಕೈಚೀಲದಲ್ಲಿ ಹಾಕಿಕೊಂಡು ನಡುಮನೆಯ ದೇವರ ಜಗುಲಿಯ ಮುಂದೆ ಹಾಯ್ದು ಬೀದಿಗೆ ಬರುವುದೇ? ಶಿವ ಶಿವಾ! ಅಳತೆ ತೆಗೆದುಕೊಂಡರೆ ಸಾಕಲ್ಲ. ಅಳತೆಪಟ್ಟಿ ಹುಡುಕಿದೆ, ಸಿಗಲಿಲ್ಲ. ಮನೆಯಲ್ಲಿ ಯಾವುದು ಎಲ್ಲಿದೆ ಎಂದು ಗೊತ್ತಿದ್ದಾಕೆ ಹಳಿಯಾಳದಲ್ಲಿದ್ದಳು. ಕಪಾಟಿನಲ್ಲಿ ಕೈಗೆ ಸಿಕ್ಕಿದ್ದು ಬಳೆಯ ಗಂಟು. ಗುಂಡಗಿನ ವಸ್ತುವಿಗೆ ಗುಂಡಗಿನ ಅಳತೆ!

ಆದರೆ ಹೆಂಡತಿ ಕೈಗೆ ಏರಿಸುವ ಬಳೆಯನ್ನು ಅದಕ್ಕೆ ಮುಟ್ಟಿಸಲಾದೀತೇ? ಮುಟ್ಟಿಸದೆ, ರಬ್ಬರಿನಿಂದ ಎರಡು ಗೇಣು ಮೇಲೆ ಬಳೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದೆ. ರಬ್ಬರಿನ ತೂತು, ಬಳೆ, ಎರಡೂ ಕರಾರುವಾಕ್ಕಾಗಿ ಸಮ! ಮುಟ್ಟದೆ ಅಳೆದ ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಹಳೆಯ ರಬ್ಬರನ್ನು ಇಕ್ಕಳದಿಂದ ಎತ್ತಿ, ಹಿತ್ತಲ ಬಾಗಿಲಿನಿಂದ ಒಯ್ದು, ಆಗಲೇ ಬಂದಿದ್ದ ಕಸದ ಗಾಡಿಗೆ ಹಾಕಿ, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಪೇಟೆಗೆ ಹೊರಟೆ.

ಮೆಹಬೂಬ ಭಾಯಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ನಾಲ್ಕು ಮಂದಿ ಗಿರಾಕಿಗಳಿದ್ದರು. ನಾನು ಕರವಸ್ತ್ರ ಬಿಚ್ಚಿ ಒಂದು ಬಳೆಯನ್ನು ಕೌಂಟರಿನ ಮೇಲಿಟ್ಟೆ.

"ಮಾಸ್ತರ್ ಸಾಬ್, ಬಳಿ ಅಂಗಡಿ ಆಚಿ ಓಣ್ಯಾಗ ಐತ್ರಿ," ಅಂದ ಮೆಹಬೂಬ ಭಾಯಿ.

"ಬಳಿ ಅಲ್ಲೋ ಮಾರಾಯಾ, ಕಮೋಡಿನ ತೊಟ್ಟಿ ರಬ್ಬರ್ ಬೇಕಾಗೈತಿ. ಇದು ಅಳತಿ."

ನಾಲ್ಕೂ ಗಿರಾಕಿಗಳು ತಮ್ಮ ಮೊಳೆ, ಬಣ್ಣ ಬಿಟ್ಟು ನನ್ನ ಕಡೆ ತಿರುಗಿದರು.

"ಯಾವ ಕಂಪನಿ ಕಮೋಡ್ರಿ?"

"ಬಿಳೇದು."

"ಎಲ್ಲಾ ಬಿಳೇವ ಇರ್ತಾವ್ರಿ. ರಬ್ಬರಿಂದ ಬೇಕೋ, ಸ್ಪಂಜಿಂದೋ? ಚಪ್ಪಟಿದೋ, ಉಬ್ಬಿಂದೋ?"

ಒಂದು ರಬ್ಬರಿನಲ್ಲಿ ಇಷ್ಟು ಜಾತಿ ಇರುತ್ತವೆಂದು ನನಗೇನು ಗೊತ್ತು! ಆದರೆ ನಾಲ್ಕು ಜನರ ಮುಂದೆ ಗೊತ್ತಿಲ್ಲ ಅನ್ನುವುದು ಮೇಷ್ಟರ ಜಾಯಮಾನದಲ್ಲಿಲ್ಲ. "ರಬ್ಬರ್, ಚಪ್ಪಟಿ, ಒಂದ ನಂಬರ್ ಮಾಲ್," ಎಂದು ಅಪ್ಪಣೆ ಕೊಟ್ಟೆ. ಬಳೆಯ ಅಳತೆಗೆ ಸರಿಯಾಗಿ ಒಂದು ಸಿಕ್ಕಿತು. ಮನೆಗೆ ತಂದು ಕೂಡಿಸಿದೆ. ಕೂರಲೇ ಇಲ್ಲ! ತೊಟ್ಟಿಯ ಬುಡ ದೊಡ್ಡದು, ರಬ್ಬರಿನ ತೂತು ಸಣ್ಣದು. ಒತ್ತಿ, ಎಳೆದು, ಹೇಗೋ ತುರುಕಿ ತೊಟ್ಟಿ ಏರಿಸಿ ನೀರು ಬಿಟ್ಟೆ. ಮೊದಲು ಫ್ಲಶ್ ಒತ್ತಿದಾಗ ಮಾತ್ರ ಸೋರುತ್ತಿತ್ತು. ಈಗ ಒತ್ತುವ ತೊಂದರೆಯೂ ಇಲ್ಲದೆ ಸೋರತೊಡಗಿತು.

ಮರುದಿನ ಮತ್ತೆ ಅದೇ ಅಂಗಡಿ, ಅದೇ ಬಳೆ.

"ಹೆಂಗ ಅಳತಿ ತಗೊಂಡ್ರಿ?" ಮೆಹಬೂಬ ಭಾಯಿ ಕೇಳಿದ. ಎರಡು ಗೇಣು ಮೇಲೆ ಹಿಡಿದದ್ದನ್ನು ಹೇಳಿದೆ. ಅವನು ತಕ್ಕಡಿಯನ್ನು ಕೆಳಗಿಟ್ಟ.

"ಸರ, ಹಂಗ ಹಿಡದ್ರ ಚಂದ್ರನೂ ಬಳ್ಯಾಗ ಹೊಂದತಾನ್ರಿ! ಕಣ್ಣಿಗೆ ಹತ್ರ ಇದ್ದದ್ದು ದೊಡ್ಡದ ಕಾಣತೈತಿ. ನೀವ ನಮಗ ಸಾಳ್ಯಾಗ ಕಲಿಸೀರಲ್ಲ?"

ಹೌದು, ಇವನೂ ನನ್ನ ಶಿಷ್ಯ! ಗಣಿತದಲ್ಲಿ ಎರಡು ಸಲ ನಪಾಸು ಮಾಡಿದ್ದೆ. ಅಂಗಡಿಯೆಲ್ಲ ನಕ್ಕಿತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವನೇ ಕನಿಕರಪಟ್ಟು ದಪ್ಪನೆಯ ಸ್ಪಂಜಿನ ಉಂಗುರವೊಂದನ್ನು ಕೈಗಿಟ್ಟ. "ಇದು ಒತ್ತಿದಂಗ ಹೊಂದಿಕೊಳ್ತೈತ್ರಿ. ತಿರುಪು ಕೈಲೇ ಬಿಗೀರಿ. ಪಾನಾ-ಸ್ಪ್ಯಾನರ್ ಮಾತ್ರ ಹಚ್ಚಬ್ಯಾಡ್ರಿ, ಪಿಂಗಾಣಿ ಐತಿ." ನಾನು ತಲೆ ತಗ್ಗಿಸಿ ಅವಸರದಲ್ಲಿ ಹೊರಬಿದ್ದೆ.

ಸ್ಪಂಜು ಚೆನ್ನಾಗಿಯೇ ಕೂತಿತು. ಕೈಯಿಂದ ಬಿಗಿದೆ. ನೀರು ಬಿಟ್ಟೆ. ಒಂದು ಹನಿ ಇಲ್ಲ! ಅರ್ಧ ಗಂಟೆ ಸ್ಟೂಲ್ ಹಾಕಿಕೊಂಡು ಎದುರಿಗೇ ಕೂತು ನೋಡಿದೆ. ಹನಿ ಇಲ್ಲ. ಕಣ್ಣಲ್ಲಿ ನೀರು ಬಂತು, ತೊಟ್ಟಿಯಿಂದ ಬರಲಿಲ್ಲ. ಗಿರಿಜಾಳಿಗೆ ಫೋನ್ ಹಚ್ಚಿದೆ.

"ನೆಲ ಒಣಗೇತೇನ್ರಿ?"

"ಅಗದೀ ಒಣಗೇತಿ! ನಾಳೆ ಬಾ."

"ಖರೇನಾ? ತಿರುಪು ಸಡ್ಲ ಇಲ್ಲಲ್ಲ? ನಾ ಒಳಗ ಕುಂತಾಗ ಏನರ ಆದ್ರ ಏಳಾಕ ಬರೂದಿಲ್ರಿ ನನಗ."

ಆ ಮಾತು ಎದೆಗೆ ನಾಟಿತು. ಆಕೆಯ ಕಾಲಿನ ಪ್ರಶ್ನೆ. ಇನ್ನೊಂದು ಸುತ್ತು ಬಿಗಿದರೆ ಒಳ್ಳೆಯದಲ್ಲವೇ? ಫೋನನ್ನು ಕಿವಿ ಮತ್ತು ಹೆಗಲಿನ ನಡುವೆ ಸಿಗಿಸಿಕೊಂಡು ಪಾನಾ ತೆಗೆದುಕೊಂಡೆ. ಪ್ರೀತಿಯಿಂದಲೇ ತಿರುಗಿಸಿದೆ.

ಟಕ್!

"ಏನ್ರಿ ಅದು ಸಪ್ಪಳ?"

"ಏನಿಲ್ಲ, ಗ್ವಾಡಿ ಗಡಿಯಾರ."

ತೊಟ್ಟಿಯ ಬುಡದಲ್ಲಿ ಕೂದಲೆಳೆಯಂಥ ಗೆರೆ ಮೂಡಿತು, ಮೇಲಕ್ಕೆ ಹತ್ತಿತು, ಆಮೇಲೆ ಅರ್ಧ ತೊಟ್ಟಿ ನೀರು ನನ್ನ ಲುಂಗಿಯ ಮೇಲೆ ಬಂತು.

"ಗಡಿಯಾರದಾಗ ನೀರು ಹೆಂಗ ಬಂತ್ರಿ?" ಅಂದಳು ಗಿರಿಜಾ.

ಇನ್ನು ಸುಳ್ಳು ಹೇಳಲು ಜಾಗವಿರಲಿಲ್ಲ. ಎಲ್ಲ ಹೇಳಿದೆ. ಬಳೆಯದೊಂದನ್ನು ಬಿಟ್ಟು. "ಇನ್ನ ಹೊಸ ತೊಟ್ಟಿ ಬರಬೇಕು, ರಫೀಕ ಬರಬೇಕು. ಇನ್ನೂ ಒಂದು ತಿಂಗಳಾ ನಾ ಒಬ್ಬನ ಹೆಂಗಿರ್ಲಿ ಗಿರಿಜಾ? ನೀ ಇಲ್ದ ಮನ್ಯಾಗ ನಿಂದ್ರಾಕ ಆಗವಲ್ತು ನನಗ."

ಗಿರಿಜಾ ಶಾಂತವಾಗಿ ಕೇಳಿದಳು.

"ತೊಟ್ಟಿಗೆ ನೀರು ಬರೂ ಕಡೆ ಒಂದು ನಳ ಐತಲ್ರಿ?"

"ಐತಿ."

"ಅದನ್ನ ಬಂದ್ ಮಾಡ್ರಿ."

ಮಾಡಿದೆ. ನೀರು ನಿಂತಿತು.

"ಬಕೀಟು ಐತೇನು?"

"ಎರಡು ಅದಾವು."

"ಬಕೀಟಲೇ ನೀರು ಹಾಕಿದ್ರ ಕಮೋಡು ಬ್ಯಾಡ ಅಂತೈತೇನ್ರಿ?"

ನಾನು ಕಮೋಡನ್ನು ನೋಡಿದೆ. ಅದು ಬೇಡ ಅನ್ನುವಂತೆ ಕಾಣಲಿಲ್ಲ.

"ಮೊದಲನೇ ದಿನಾನ ನಳ ಬಂದ್ ಮಾಡಿದ್ರ ನೆಲ ತಾನ ಒಣಗ್ತಿತ್ತಲ್ರಿ! ನೀವು ಮಾಸ್ತರು, ಅಷ್ಟರ ಮಾಡಿರ್ತೀರಿ, ಸೋರೂದು ಬ್ಯಾರೆ ಕಡಿಂದ ಅಂತ ತಿಳಕೊಂಡಿದ್ನಿ ನಾ. ಇಪ್ಪತ್ತು ದಿನಾತು, ಚೀಲ ಕಟ್ಟಿ ಮಂಚದ ಬುಡಕ ಇಟ್ಕೊಂಡು ಕುಂತೀನಿ. ನನಗೇನು ಇಲ್ಲಿ ಸುಖ ಐತಿ ಅಂತ ಮಾಡೀರೇನು?" ಬೈಯುತ್ತ ಬೈಯುತ್ತ ಅವಳ ದನಿಯೂ ನಡುಗಿತು. ಮೂರು ವಾರ ಹಾತೊರೆದದ್ದು ನಾನೊಬ್ಬನೇ ಅಲ್ಲ ಎಂದು ತಿಳಿದು, ಆ ಒದ್ದೆ ಲುಂಗಿಯಲ್ಲೇ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮರುದಿನ ಷಡ್ಡಕನ ಕಾರಿನಲ್ಲಿ ಬಂದಳು. ಕೋಲೂರಿಕೊಂಡು ನೇರ ಹೋಗಿ ಸಂಡಾಸಿನ ನೆಲವನ್ನು ಕೈಯಿಂದ ಮುಟ್ಟಿ ನೋಡಲು ನನಗೇ ಹೇಳಿದಳು. ಒಣಗಿತ್ತು.

ಸಂಜೆ ಬಳೆ ಕೇಳಿದಳು. ಗಂಟು ಕೊಟ್ಟೆ. ಒಂದೊಂದಾಗಿ ಏರಿಸಿದಳು. ಹನ್ನೊಂದೇ! ಅವತ್ತು ನಾಚಿಕೆಯ ಅವಸರದಲ್ಲಿ ಹನ್ನೆರಡನೆಯದನ್ನು ಕೌಂಟರಿನ ಮೇಲೇ ಬಿಟ್ಟು ಬಂದಿದ್ದೆ. ಈಗ ಅದನ್ನೂ ಹೇಳಲೇಬೇಕಾಯಿತು.

"ಸಂಡಾಸಕ್ಕ ಅಳತಿ ನನ್ನ ಬಳೀನಾ!" ಮೂವತ್ತೈದು ವರ್ಷದಲ್ಲಿ ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ. "ಇರ್ಲಿ ಬಿಡ್ರಿ, ಅದು ಅಲ್ಲೇ ಇರ್ಲಿ. ನನಗ ಬ್ಯಾಡ."

ಈಗ ಅಡಿಗೆಮನೆಯಲ್ಲಿ ಹನ್ನೊಂದು ಬಳೆ ಸಪ್ಪಳ ಮಾಡುತ್ತವೆ. ನನಗೆ ಕಡಿಮೆ ಅನ್ನಿಸಿಲ್ಲ. ಹನ್ನೆರಡನೆಯದು ಮೆಹಬೂಬ ಭಾಯಿಯ ಅಂಗಡಿಯಲ್ಲಿ ರಬ್ಬರ್ ಉಂಗುರಗಳ ನಡುವೆ ಮೊಳೆಗೆ ನೇತಾಡುತ್ತಿದೆ. ಮೊನ್ನೆ ಮೊಳೆ ತರಲು ಹೋದಾಗ ಯಾರೋ ಅದನ್ನು ತೋರಿಸಿ, ಇದು ಯಾವ ಸೈಜು ಎಂದು ಕೇಳುತ್ತಿದ್ದರು.

"ಅದು ಮಾಸ್ತರ್ ಸೈಜ್ರಿ," ಅಂದ ನನ್ನ ಶಿಷ್ಯ. "ಯಾವ ಕಮೋಡಿಗೂ ಹೊಂದೂದಿಲ್ಲ."